ಮೊದಲು ತಣ್ಣೀರು, ಆಮೇಲೆ ಆಸ್ಪತ್ರೆ

“ನೀವ್ಯಾರು?” ಎಂದು ಮಗಳು ನನ್ನ ಮುಖ ನೋಡಿ ಕೇಳಿದಾಗ ನನಗೆ ಜೀವವೇ ಬಾಯಿಗೆ ಬಂತು. ಕಡೂರಿನ ಮೈದಾನದಲ್ಲಿ ಕಾಲೇಜು ಹುಡುಗಿಯರ ಐದು ಸಾವಿರ ಮೀಟರ್ ಓಟ. ಕೊನೆಯ ಸುತ್ತಿನಲ್ಲಿ ಅವಳು ತೂರಾಡಿ ಬಿದ್ದಿದ್ದಳು. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು.

“ಯಾರಾದ್ರೂ ಕಾರು ತನ್ರಪ್ಪಾ!” ಎಂದು ಅರಚಿದೆ. ಅವಳ ಕಾಲೇಜಿನ ಕ್ರೀಡಾ ಶಿಕ್ಷಕಿ ತಡೆದರು. “ಆಂಬುಲೆನ್ಸ್‌ಗೆ ಫೋನ್ ಮಾಡಿದೀನಿ ಕಣಮ್ಮ. ಬಿಸಿಲಿನ ಹೊಡೆತ ಇದು, ಮೊದ್ಲು ಮೈ ತಣ್ಣಗಾಗ್ಬೇಕು. ದಾರೀಲಿ ಹೊತ್ತು ಕಳೆಯೋ ಹಂಗಿಲ್ಲ.”

ಓಟಕ್ಕೆ ಮುಂಚೆಯೇ ಅವರು ದೊಡ್ಡ ತೊಟ್ಟಿಗೆ ನೀರು ತುಂಬಿಸಿ, ಪಕ್ಕದಲ್ಲಿ ಐಸ್ ಇಡಿಸಿದ್ದರು. ಐಸನ್ನೆಲ್ಲ ಅದಕ್ಕೆ ಸುರಿದು, ನಾಲ್ಕು ಜನ ಸೇರಿ ಮಗಳನ್ನು ಕುತ್ತಿಗೆಯವರೆಗೆ ಇಳಿಸಿದರು. ಶಿಕ್ಷಕಿ ಅವಳ ತಲೆಯನ್ನು ತೋಳಿನ ಮೇಲೆ ಹಿಡಿದುಕೊಂಡು ನೀರು ಕಲಕಿಸುತ್ತಲೇ ಇದ್ದರು. ಮಗಳನ್ನು ಕೊಲ್ಲುತ್ತಿದ್ದಾರೆ ಎನಿಸಿ ನಾನು ಅವರ ಕೈ ಹಿಡಿದು ಎಳೆದೆ. ಅವರು ಬಿಡಲಿಲ್ಲ.

ಆಂಬುಲೆನ್ಸ್ ಬಂದು ನಿಲ್ಲುವ ಹೊತ್ತಿಗೆ ಮಗಳ ಹಲ್ಲು ಕಟಕಟ ಎನ್ನುತ್ತಿತ್ತು. “ಅಮ್ಮಾ, ಚಳಿ ಕಣೇ. ನನ್ನ ಯಾಕೆ ನೀರಿಗೆ ಹಾಕಿದೀರ?” ಎಂದಳು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಗೊಳೋ ಎಂದು ಅತ್ತುಬಿಟ್ಟೆ. ಮೈದಾನದಲ್ಲೇ ತಣ್ಣಗೆ ಮಾಡಿದ್ದರಿಂದ ಜೀವ ಉಳಿಯಿತು ಎಂದು ಆಸ್ಪತ್ರೆಯಲ್ಲಿ ವೈದ್ಯರು ಹೇಳಿದರು.

ತಿಂಗಳುಗಳ ನಂತರ, ವೈದ್ಯರ ಒಪ್ಪಿಗೆ ಪಡೆದು ಅವಳು ತರೀಕೆರೆಯಲ್ಲಿ ಮತ್ತೆ ಓಡಿದಳು, ಎರಡನೆಯವಳಾಗಿ ಬಂದಳು. ಅವಳು ಗೆರೆ ದಾಟಿದಾಗ ಆ ಶಿಕ್ಷಕಿ ಕುಣಿದಾಡಿದ್ದನ್ನು ನೋಡಿ, ನನ್ನ ಮಗಳಿಗೆ ನಾನೊಬ್ಬಳೇ ತಾಯಿಯಲ್ಲ ಅನಿಸಿತು.