ಅಕ್ಕೋರ ಎರಡನೇ ಆಲ್ಬಂ

ಅಕ್ಕೋರ ಕೆಳತುಟಿಯ ನಡುವೆ ಬೀಡಿ ಸುಟ್ಟ ಗುರುತಿನಂಥ ಕಪ್ಪು ಕಲೆಯೊಂದಿತ್ತು. ವರ್ಷಗಟ್ಟಲೆ ಸ್ಯಾಕ್ಸೊಫೋನ್ ಕಚ್ಚಿ ಆದದ್ದು. ಯೋಚನೆ ಹತ್ತಿದರೆ ಅದನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದರು. ಯೋಚನೆ ಹತ್ತದ ಹೊತ್ತೇ ಅವರಿಗೆ ಇರಲಿಲ್ಲ. ಕೂತರೆ ಕಾಲು ಕುಣಿಯುತ್ತಿತ್ತು, ನಿಂತರೆ ಬೆರಳು. ಅಂಕೋಲೆಯಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ ಅವರು ಹಾಕುವ ತಾಳ ತಾಳಲಾರದೆ ಅಲ್ಲಿ ಕೂತವರು ಎದ್ದುಹೋದದ್ದನ್ನು ನಾನೇ ನೋಡಿದ್ದೇನೆ.

ಹಾರವಾಡದ ಮೀನುಗಾರರ ಮನೆಯ ಮಗಳು. ತಾಯಿ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಕಾರವಾರದ ಇಗರ್ಜಿ ಬ್ಯಾಂಡಿನ ಹಿರಿಯರೊಬ್ಬರು ಈ ಹುಡುಗಿಯ ಹಟಕ್ಕೆ ಸೋತು ಸ್ಯಾಕ್ಸೊಫೋನ್ ಕಲಿಸಿದರಂತೆ. ಮನೆಯಲ್ಲಿ ರಂಪವಾಯಿತು. ಇವರು ಗೋವೆಗೆ ಹೋದರು, ಅಲ್ಲಿಂದ ಪ್ರವಾಸಿ ಹಡಗುಗಳ ಬ್ಯಾಂಡು ಸೇರಿ ಅರ್ಧ ಆಯಸ್ಸನ್ನು ನೀರಿನ ಮೇಲೇ ಕಳೆದರು. ಕ್ಯೂಬಾದ ಡೋಲು, ಸೆನೆಗಲ್ಲಿನ ಪದ, ಬ್ರೆಜಿಲ್ಲಿನ ಬೀದಿ ಕುಣಿತ, ಹಡಗು ನಿಂತಲ್ಲೆಲ್ಲ ಇಳಿದು ಕೇಳಿದ್ದನ್ನು ತುಂಬಿಕೊಂಡು ಊರಿಗೆ ಮರಳಿದರು. ಆಮೇಲೆ ಕಾರವಾರದ ಒಂದು ಶಾಲೆಯಲ್ಲಿ ಸಂಗೀತ ಕಲಿಸಿದ್ದರಿಂದ ಎಲ್ಲರಿಗೂ ಅಕ್ಕೋರಾದರು.

ನಾನು ಕದ್ರಾ ಪವರ್ ಹೌಸಿನಲ್ಲಿ ಪಾಳಿಯ ಮೇಲೆ ದುಡಿಯುವವನು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ, ಕಲಿಯುವ ವಯಸ್ಸು ದಾಟಿದೆ ಎಂದು ಎಲ್ಲರೂ ಹೇಳುವಾಗ, ಅವರ ಬಳಿ ಹೋಗಿ ಸ್ಯಾಕ್ಸೊಫೋನ್ ಕಲಿಯಬೇಕು ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಎಷ್ಟು ಹೊತ್ತು ಉಸಿರು ಹಿಡಿಯಬಲ್ಲೆ ಅಂತ ಮಾತ್ರ ಕೇಳಿದರು.

ಅವರು ಕಟ್ಟಿದ್ದು ಜಾಝ್ ಬಿಗ್ ಬ್ಯಾಂಡ್. ಸದಾಶಿವಗಡದ ಮದುವೆ ಬ್ಯಾಂಡಿನ ತುತ್ತೂರಿಯವರು, ನೌಕಾಪಡೆಯಿಂದ ನಿವೃತ್ತರಾದ ಟ್ರೊಂಬೋನಿನವರು, ಕೀಬೋರ್ಡು ಡ್ರಮ್ಮು ನುಡಿಸುವ ಎಳೆಯರು, ಮಣ್ಣಿನ ಗಡಿಗೆಗೆ ಚರ್ಮ ಕಟ್ಟಿದ ಗುಮಟೆ ಬಾರಿಸುವ ಕಿನ್ನರ ಊರಿನ ಅಣ್ಣತಮ್ಮಂದಿರು, ಹೀಗೆ ನಾನೂ ಸೇರಿ ಇಪ್ಪತ್ತರ ಹತ್ತಿರ ಜನ. ಮೊದಲ ಆಲ್ಬಂ ಹೊರಬಂದಾಗ ಎಲ್ಲೆಲ್ಲಿಂದಲೋ ಮೆಚ್ಚುಗೆ ಬಂತು. ಇನ್ನೊಂದು ಅಂಥದ್ದೇ ಮಾಡಿ ಅಂತ ಹೇಳಿದವರ ಎದುರು ಅಕ್ಕೋರು ನಕ್ಕು, ಆ ಮಟ್ಟುಗಳನ್ನೆಲ್ಲ ಅಂದಿನಿಂದಲೇ ನುಡಿಸುವುದು ಬಿಟ್ಟರು. ಎರಡನೆಯದಕ್ಕೆ ನಾವು ಪಟ್ಟ ಪಾಡು ಹೇಳತೀರದು. ಸಂಜೆ ಸರಿಯಾಗಿ ಬಂದದ್ದು ಮಾರನೇ ದಿನ ಅವರಿಗೆ ಬೇಡವಾಗುತ್ತಿತ್ತು. "ಇದಲ್ಲ. ಹತ್ರ ಅದೆ, ಇದಲ್ಲ," ಅನ್ನುವರು. ಗುಮಟೆ ಒಂದು ಎಳೆ ಹಿಂದೆ ಬೀಳುತ್ತದೆ ಎಂದು ಕೀಬೋರ್ಡಿನವ ದೂರಿದಾಗ ಗುಮಟೆಯವರಿಗೆ ಏನೂ ಹೇಳದೆ, ಕೀಬೋರ್ಡನ್ನೇ ಅವರ ಕಾಲಬುಡಕ್ಕೆ ತಂದಿಡಿಸಿ, ಅವರ ಕೈ ನೋಡಿಕೊಂಡು ನುಡಿಸು ಅಂದರು. ಅವ ಸಿಟ್ಟಿನಿಂದ ಎರಡು ವಾರ ಬರಲಿಲ್ಲ. ಆಮೇಲೆ ಬಂದ.

ಆ ಆಲ್ಬಮ್ಮಿನಲ್ಲಿ ಒಂದು ದೊಡ್ಡ ಕೃತಿಯಿತ್ತು. ಅಕ್ಕೋರ ಅಜ್ಜಿಮನೆ ಚೆಂಡಿಯಾದ ಕಡೆ. ನೌಕಾನೆಲೆಗೆ ಜಾಗ ಹೋದಾಗ ಆ ಮನೆಯವರು ಮೂರು ಊರಿಗೆ ಚದುರಿದರು. ಆ ಬಗ್ಗೆ ಅಕ್ಕೋರು ಮಾತಾಡಿದ್ದು ಕಡಿಮೆ, ಕೃತಿ ಕಟ್ಟಿದರು. ಎಲ್ಲರ ಪಾಲನ್ನೂ ಬರೆದುಕೊಟ್ಟು, ನಡುವಿನ ಸ್ಯಾಕ್ಸೊಫೋನನ್ನು ಮಾತ್ರ ಬರೆಯದೆ ತಮಗೆಂದು ಇಟ್ಟುಕೊಂಡಿದ್ದರು.

ಬಂದರಿನ ಹತ್ತಿರ ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಂದರಲ್ಲಿ ಧ್ವನಿಮುದ್ರಣವೆಂದು ನಿಗದಿಯಾಯಿತು. ದಪ್ಪ ಗೋಡೆ, ಹೊರಗಿನ ಸದ್ದು ಬಾರದು. ಗೋವೆಯಿಂದ ಧ್ವನಿಮುದ್ರಣದವರು ಬರುವ ವಾರವೇ ಅಕ್ಕೋರು ಬೆಳಿಗ್ಗೆ ಏಳುವಾಗ ಮುಖದ ಎಡಭಾಗ ಜೋತುಬಿದ್ದಿತ್ತು. ಮುಖದ ನರ ಊದಿದೆ, ತಿಂಗಳುಗಟ್ಟಲೆ ಬೇಕಾದೀತು, ಪೂರಾ ಸರಿಹೋಗುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ಮುಂದೆ ಹಾಕೋಣ ಎಂದು ನಾವೆಲ್ಲ ಬೇಡಿಕೊಂಡೆವು. ಅವರು ಒಪ್ಪಲಿಲ್ಲ. ತಡವಾದರೆ ಈ ಹಾಡೇ ತನಗೆ ಬೇಡ ಅನ್ನಿಸುತ್ತದೆ ಅಂದರು. ಅದು ನಿಜ ಎಂದು ನಮಗೂ ಗೊತ್ತಿತ್ತು.

ಮುದ್ರಣದ ದಿನ ಅವರು ವಾದ್ಯ ಬಾಯಿಗಿಟ್ಟರು. ತುಟಿಯ ಒಂದು ಬದಿಯಿಂದ ಗಾಳಿ ಸೋರಿ ಬರೀ ಬುಸ್ಸೆಂದಿತು. ಕೈಯಿಂದ ತುಟಿ ಒತ್ತಿ ಹಿಡಿದು ಇನ್ನೊಮ್ಮೆ ಊದಿದರು. ನಾವೆಲ್ಲ ನೆಲ ನೋಡುತ್ತ ನಿಂತಿದ್ದೆವು. ಅವರು ವಾದ್ಯ ಕೆಳಗಿಟ್ಟು, ಜೊಲ್ಲು ಒರೆಸಿಕೊಂಡು, ನನ್ನ ಕಡೆ ತಿರುಗಿದರು.

"ತಮಾ, ನೀನು ನುಡಿಸು."

ಏನು ನುಡಿಸಬೇಕೆಂದು ಗೊತ್ತಿಲ್ಲ ಅಂದೆ. ತನಗೂ ಗೊತ್ತಿರಲಿಲ್ಲ ಅಂದರು.

ನುಡಿಸಿದೆ. ಅವರು ಇದಲ್ಲ ಎಂದು ತಲೆ ಅಲ್ಲಾಡಿಸಿದರು. ಮತ್ತೆ ನುಡಿಸಿದೆ. ಅವರ ಎಳೆತ, ಅವರ ತಿರುವು, ನೆನಪಿದ್ದುದನ್ನೆಲ್ಲ ಸುರಿದೆ. ಅವರು ನಡುವೆಯೇ ಕೈ ಎತ್ತಿ ನಿಲ್ಲಿಸಿ ನನ್ನ ಬಳಿ ಬಂದರು. ಬಾಯಿ ಸೊಟ್ಟಗಾಗಿ ಮಾತು ತೊದಲುತ್ತಿತ್ತು.

"ಎಂತಕ್ಕೆ ನನ್ನ ನಕಲು ಮಾಡ್ತೀಯೋ? ನಾನು ಇಲ್ಲೇ ಇದ್ದೇನಲ್ಲ. ಚೆಂಡಿಯಾ ನಂದು. ನಿಂದು ಎಂತ ಅದೆ?"

ನನ್ನದೇನೂ ಇಲ್ಲ ಎಂದು ಹೇಳಲು ಬಾಯಿ ತೆರೆದವನು ಬೇರೆಯೇ ಹೇಳಿದೆ. ನನ್ನ ಅಪ್ಪನ ಗದ್ದೆ ಕದ್ರಾ ಅಣೆಕಟ್ಟಿನ ನೀರಿನಡಿ ಇದೆ. ನಾವು ಕಿನ್ನರಕ್ಕೆ ಬಂದು ನೆಲೆಸಿದ್ದು ಹಾಗೆ. ಅದೇ ನೀರು ತಿರುಗಿಸುವ ಯಂತ್ರದ ಪಕ್ಕ ನಿಂತು ನಾನು ಸಂಬಳ ಎಣಿಸುತ್ತೇನೆ. ಮನೆಯಲ್ಲಿ ಯಾರೂ ಆ ಊರಿನ ಮಾತೆತ್ತುವುದಿಲ್ಲ. ಇಷ್ಟನ್ನು ಅಷ್ಟು ಜನರ ಎದುರು ಹೇಗೆ ಹೇಳಿದೆನೋ. ಅಕ್ಕೋರು ಸಮಾಧಾನ ಹೇಳಲಿಲ್ಲ. ಯಂತ್ರದ ಸದ್ದು ಯಾವ ಸ್ವರದಲ್ಲಿದೆ ಅಂತ ಕೇಳಿದರು.

ಆ ಸ್ವರದಿಂದಲೇ ಹಿಡಿದೆ. ದಿನವೂ ಕಿವಿಯಲ್ಲಿ ಮೊರೆಯುವ ಆ ತಗ್ಗಿನ ಸ್ವರ ಬಿಟ್ಟು ಹೋಗಲು ಬಹಳ ಹೊತ್ತು ಧೈರ್ಯವಾಗಲಿಲ್ಲ. ಗುಮಟೆಯ ಹಿರಿಯಣ್ಣ ಯಾರೂ ಹೇಳದೆಯೇ ಸೇರಿಕೊಂಡ. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಮುಗಿದಾಗ ಅಕ್ಕೋರು ಧ್ವನಿಮುದ್ರಣದವರಿಗೆ ಇದನ್ನೇ ಇಡಿ ಎಂದು ಹೇಳಿ ಹೊರಗೆ ಹೋಗಿಬಿಟ್ಟರು. ಕಿಟಕಿಯಿಂದ ನೋಡಿದೆ, ದೋಣಿಗಳ ಸಾಲಿನ ಎದುರು ಅತ್ತಿಂದಿತ್ತ ನಡೆಯುತ್ತಿದ್ದರು. ಅವರು ಮತ್ತೆ ಸ್ಯಾಕ್ಸೊಫೋನ್ ನುಡಿಸಲಿಲ್ಲ.

ಆಲ್ಬಂ ಬಂದ ದಿನ ಮನೆಯಲ್ಲಿ ಅವ್ವನಿಗೆ ಫೋನಿನಲ್ಲೇ ಆ ಕೃತಿ ಕೇಳಿಸಿದೆ. ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿದಳು. ಇನ್ನೊಮ್ಮೆ ಹಾಕು ಅಂದಳು. ಮೂರನೇ ಸಲ ಕೇಳುವಾಗ ತಾನಾಗಿಯೇ ಗದ್ದೆಗಳ ಹೆಸರು ಹೇಳತೊಡಗಿದಳು: ಹೊಳೆಬದಿ, ಸಣ್ಣಮಕ್ಕಿ, ಕೋಣನ ಬೈಲು. ನನ್ನ ಮಗಳು ಅದೆಲ್ಲಿದೆ ಎಂದು ಕೇಳಿದಳು. ಅವ್ವ ಊಟದ ಹೊತ್ತು ಮೀರುವವರೆಗೂ ಅವಳಿಗೆ ಹೇಳಿದಳು.

ಇದನ್ನು ಹೇಳಲು ಹಾರವಾಡಕ್ಕೆ ಹೋದೆ. ಅಕ್ಕೋರು ಸಂತೋಷಪಟ್ಟರೋ ಇಲ್ಲವೋ ತಿಳಿಯಲಿಲ್ಲ, ಅವ್ವ ಹೇಳಿದ ಹೆಸರುಗಳನ್ನು ಹೇಳು ಅಂದರು. ಹೇಳಿದೆ. ನಿಧಾನ ಹೇಳು, ಅವರು ಹೇಳಿದ ಹಾಗೇ ಹೇಳು ಅಂತ ಪೀಡಿಸಿದರು. ಬಂದ ಆಲ್ಬಮ್ಮಿನ ಮಾತೇ ಇಲ್ಲ, ಆ ಹೆಸರುಗಳ ಲಯದಲ್ಲೇ ಮುಂದಿನ ಕೃತಿ ಶುರುವಾಗಿಬಿಟ್ಟಿತ್ತು. ಆ ಮಳೆಗಾಲದಲ್ಲಿ, ಅದರ ಮೊದಲ ಭಾಗವನ್ನಷ್ಟೇ ನಮಗೆ ಕಲಿಸಿ, ಅವರು ಹೃದಯ ನಿಂತು ತೀರಿಹೋದರು. ಅಭ್ಯಾಸಕ್ಕೆ ಬಂದು ಕಾಯುತ್ತಿದ್ದ ನಮಗೆ ಅವರ ತಮ್ಮನ ಫೋನು ಬಂತು.

ಈಗಲೂ ನಾವು ಆ ಅರ್ಧ ಕೃತಿಯನ್ನು ನುಡಿಸುತ್ತೇವೆ. ಅದಕ್ಕೊಂದು ಕೊನೆ ಬರೆಯೋಣವೆಂದು ಕೆಲವರು, ಬೇಡವೆಂದು ಕೆಲವರು, ಪ್ರತಿ ಅಭ್ಯಾಸದಲ್ಲೂ ಜಗಳ. ಅವರು ಬರೆದದ್ದು ಮುಗಿದಲ್ಲಿಗೆ ಬಂದಾಗ ಯಾರಿಗೂ ನಿಲ್ಲಿಸಲು ಮನಸ್ಸಾಗದು. ಒಬ್ಬರ ಮುಖ ಒಬ್ಬರು ನೋಡುತ್ತ ಮುಂದೆ ಹೋಗುತ್ತೇವೆ. ಕಳೆದ ಸಲ ಕಾರವಾರದಲ್ಲಿ ನುಡಿಸಿದಾಗ ಅವ್ವನೂ ಬಂದು ಕೂತಿದ್ದಳು. ಮನೆಗೆ ಬರುವಾಗ ದಾರಿಯಲ್ಲಿ, ಇನ್ನೊಂದು ಗದ್ದೆಯ ಹೆಸರು ಬಿಟ್ಟುಹೋಗಿದೆ, ಸೇರಿಸಿ ಎಂದಳು.