ಸಾವಿರ ನಂಬರಿನ ಬೀಗ

ಬೀಗದಣ್ಣನ ಅಂಗಡಿ ಎಂದರೆ ಮೂರು ಅಂತಸ್ತಿನ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಒಳಗೆ ನಿಂತರೆ ತಲೆ ತಾಗುತ್ತದೆ, ಹಾಗಾಗಿ ಅವನು ನಿಲ್ಲುವುದೇ ಇಲ್ಲ. ಬೆನ್ನ ಹಿಂದಿನ ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು, ಮುಂದೆ ಕೀಲಿ ಕೊರೆಯುವ ಯಂತ್ರ, ಕಾಲ ಬಳಿ ಅರಗಳ ಡಬ್ಬ. ಯಾರಾದರೂ ದಡಬಡ ಮೆಟ್ಟಿಲು ಹತ್ತಿದರೆ ಅವನ ಚಹಾದೊಳಕ್ಕೆ ಧೂಳು ಉದುರುತ್ತದೆ. ಅವನು ಬೆರಳಿನಿಂದ ಧೂಳು ತೆಗೆದು ಚಹಾ ಕುಡಿಯುತ್ತಾನೆ. ಬೇಸರ ಎನ್ನುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ.

ಆ ತಾಳ್ಮೆಯನ್ನು ಅವನಿಗೆ ಅಂಟಿಸಿದವನು ಕಸುಬು ಕಲಿಸಿದ ಸೋದರಮಾವ. ಮಾವ ಮಾತು ಕಡಿಮೆಯ ಮನುಷ್ಯ. ಆದರೆ ನಂಬರು ತಿರುಗಿಸುವ ಬೀಗದ ಬಗ್ಗೆ ಮಾತ್ರ ಒಂದು ಪಾಠವನ್ನು ಹೇಳಿ ಹೇಳಿ ಕಿವಿ ತೂತು ಮಾಡಿದ್ದ. "ನಂಬರ್ ಮರೆತಿದ್ದೀವಿ ಅಂತ ಯಾರಾದ್ರೂ ಸೂಟ್‌ಕೇಸ್ ತಂದ್ರೆ ಜಾಣತನ ಮಾಡೋಕೆ ಹೋಗ್ಬೇಡ. ಮೂರು ಸೊನ್ನೆಯಿಂದ ಶುರು ಮಾಡು. ಇರೋದೇ ಸಾವಿರ ನಂಬರು. ಒಂದು ಅಲ್ಲ ಅಂತ ಗೊತ್ತಾದ್ರೆ ಅದನ್ನ ಮರೆತುಬಿಡು, ಮುಂದಿನದಕ್ಕೆ ಹೋಗು. ಬೀಗ ಎಲ್ಲಿಗೆ ಓಡಿಹೋಗುತ್ತೆ?"

ಪಾಠ ಎಂದೂ ಸುಳ್ಳಾಗಲಿಲ್ಲ. ಒಮ್ಮೆ ಪ್ರಯಾಣಕ್ಕೆ ಹೊರಟ ದಂತವೈದ್ಯೆಯೊಬ್ಬಳ ಸೂಟ್‌ಕೇಸು ಒಂಬೈನೂರ ಎಂಬತ್ತಾರಕ್ಕೆ ಬಾಯಿ ಬಿಟ್ಟಿತ್ತು. ಅಷ್ಟು ಹೊತ್ತಿಗೆ ಆ ವೈದ್ಯೆ ಬೈದು, ಅತ್ತು, ಊಟ ಮುಗಿಸಿ, ಅವನ ಅಂಗಡಿಯ ಎದುರಿನ ಬೆಂಚಿನ ಮೇಲೆ ಒಂದು ನಿದ್ದೆ ತೆಗೆದಿದ್ದಳು. ಬೀಗದಣ್ಣ ಮಾತ್ರ ಕೊನೆಯ ಐವತ್ತರಲ್ಲಿ ಇನ್ನಷ್ಟು ಹುರುಪಿನಿಂದ ಚಕ್ರ ತಿರುಗಿಸಿದ್ದ. ಕಡಿಮೆ ಉಳಿದಷ್ಟೂ ಬೀಗ ಹತ್ತಿರ ಬಂತು ಎಂದೇ ಅವನ ಲೆಕ್ಕ, ಮತ್ತು ಬೀಗದ ಮಟ್ಟಿಗೆ ಅದು ಸರಿಯಾದ ಲೆಕ್ಕ.

ಇಂಥವನ ಕಣ್ಣಿಗೆ ಪೇಟೆಯ ವಾರದ ಲಾಟರಿ ಬಿದ್ದದ್ದು ನಾಲ್ಕು ವರ್ಷದ ಹಿಂದೆ. ಅದರಲ್ಲೂ ಮೂರಂಕಿಯ ನಂಬರು. ಸೊನ್ನೆ ಸೊನ್ನೆ ಸೊನ್ನೆಯಿಂದ ಒಂಬತ್ತು ಒಂಬತ್ತು ಒಂಬತ್ತರವರೆಗೆ, ಒಟ್ಟು ಸಾವಿರ. ಬೇಕಾದ ನಂಬರು ಹೇಳಿದರೆ ಗೂಡಂಗಡಿಯ ಟಿಕೆಟ್ ಅಕ್ಕ ಚೀಟಿ ಕೊಡುತ್ತಾಳೆ, ಶನಿವಾರ ಸಂಜೆ ಒಂದು ನಂಬರು ಎತ್ತುತ್ತಾರೆ. ಬೀಗದಣ್ಣ ಗಲ್ಲ ತುರಿಸಿಕೊಂಡು ಎರಡು ದಿನ ಯೋಚಿಸಿದ. ಜನ ಹುಟ್ಟಿದ ದಿನ, ಮನೆ ನಂಬರು, ಕನಸಲ್ಲಿ ಕಂಡ ನಂಬರು ಅಂತ ಹಾರಾಡಿ ಕೈ ಸುಟ್ಟುಕೊಳ್ಳುವುದು ನೋಡಿ ಅವನಿಗೆ ನಗು ಬಂತು. ಇದು ಸೂಟ್‌ಕೇಸಲ್ಲದೆ ಇನ್ನೇನು?

ಅಂದಿನಿಂದ ವಾರಕ್ಕೆ ಐದು ಟಿಕೆಟು, ಸಾಲಾಗಿ. ಒಂದು ಟಿಕೆಟಿಗೆ ಒಂದು ಹೊತ್ತಿನ ಊಟದ ದುಡ್ಡು. ಬರೆದಿಡುವ ಗೋಜೂ ಇರಲಿಲ್ಲ, ಎಲ್ಲಿ ನಿಲ್ಲಿಸಿದನೋ ಅಲ್ಲಿಂದ ಮುಂದಕ್ಕೆ. ಭಾನುವಾರ ಹೋಗಿ "ನಮ್ಮದು?" ಎನ್ನುತ್ತಿದ್ದ. ಟಿಕೆಟ್ ಅಕ್ಕ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಬಂದ ನಂಬರು ಯಾವುದೆಂದು ಅವನು ಒಮ್ಮೆಯೂ ಕೇಳಿದವನಲ್ಲ. ತೆರೆಯದ ಬೀಗವನ್ನು ನಿನ್ನ ನಂಬರು ಯಾವುದಪ್ಪ ಎಂದು ಯಾರು ಕೇಳುತ್ತಾರೆ? ಮುಂದಿನ ಐದು ಹೇಳಿ ಮನೆಗೆ ಬರುತ್ತಿದ್ದ.

ಮನೆಯಲ್ಲಿ ಹೆಂಡತಿ ಕಿಟಕಿಯ ಬಳಿ ಕೂತು ಊರವರ ಪ್ಯಾಂಟುಗಳ ಉದ್ದ ಕಡಿಮೆ ಮಾಡುತ್ತಿದ್ದಳು. ಅವಳ ಕೈಯ ಹೊಲಿಗೆ ಅಚ್ಚುಕಟ್ಟು. ಯಂತ್ರ ಮಾತ್ರ ಮುದುಕಿ, ಚಕ್ರದ ಪಟ್ಟಿ ಜಾರಿದಾಗೆಲ್ಲ ಮೇಣ ಹಚ್ಚಿ ಎಬ್ಬಿಸಬೇಕು. ಅವಳ ತಂಗಿ ಪೇಟೆಯ ಆ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು, ಅಕ್ಕನಿಗೆ ಪಾಲು ಕೊಡಲು ಕಾದಿದ್ದಳು. ಪಾಲಿಗೆ ಬೇಕಾದ ದುಡ್ಡು ಹೆಚ್ಚು ಕಡಿಮೆ ಲಾಟರಿಯ ಬಹುಮಾನದಷ್ಟೇ. ಬೀಗದಣ್ಣ ಹೆಂಡತಿಗೆ ಮಾತು ಕೊಟ್ಟಿದ್ದ. "ಸಾವಿರ ಮುಗಿಯೋದರೊಳಗೆ ಬಂದೇ ಬರುತ್ತೆ. ನೀನು ಕೂಲಿ ಹೊಲಿಗೆಯವಳಲ್ಲ, ಅಂಗಡಿ ಯಜಮಾನ್ತಿ." ಅವಳು ನಂಬಿದಳು. ಗಂಡ ಬೀಗದ ವಿಷಯದಲ್ಲಿ ಸೋತದ್ದನ್ನು ಅವಳು ಕಂಡೇ ಇರಲಿಲ್ಲ.

ಹೀಗೆ ಒಂಬೈನೂರ ಅರವತ್ತನಾಲ್ಕು ಮುಗಿಯಿತು. ಉಳಿದದ್ದು ಏಳು ವಾರ. ಹೆಂಡತಿಯ ತಂಗಿ ಬಂದು ಪಾಲಿನ ಬಗ್ಗೆ ಕೊನೆಯ ಮಾತು ಕೇಳಬೇಕಾಗಿದ್ದ ಭಾನುವಾರ ಬೆಳಿಗ್ಗೆ ಬೀಗದಣ್ಣ ಗೂಡಂಗಡಿಗೆ ಹೋದರೆ ಅಲ್ಲಿ ಗದ್ದಲವೋ ಗದ್ದಲ. ಬ್ರೆಡ್ ಅಂಗಡಿಯವನಿಗೆ ಬಹುಮಾನ ಬಂದಿತ್ತು, ಅವನು ಬೀದಿಗೆಲ್ಲ ಚಹಾ ಕುಡಿಸುತ್ತಿದ್ದ.

"ಯಾವ ನಂಬರಂತೆ?" ಎಂದು ಬೀಗದಣ್ಣ ಮೊದಲ ಸಲ ಕೇಳಿದ, ಅದೂ ಸುಮ್ಮನೆ ಮಾತಿಗೆ ಅಂತ.

"ಇನ್ನೂರ ಹನ್ನೆರಡು," ಎಂದಳು ಟಿಕೆಟ್ ಅಕ್ಕ.

"ಅದಲ್ಲ ಬಿಡಿ."

"ಅದಲ್ಲ ಅಂದ್ರೆ?"

"ಅದನ್ನ ನಾನು ಆಗ್ಲೇ ನೋಡಿ ಆಗಿದೆ. ಮೂರು ವರ್ಷದ ಹಿಂದೇನೇ. ಅದಲ್ಲ."

ಅಕ್ಕ ಅವನ ಮುಖ ನೋಡಿದಳು. ತಮಾಷೆಯ ಮುಖವಲ್ಲ. ಪಕ್ಕದ ಹಲಗೆ ತೋರಿಸಿದಳು, ಸೀಮೆಸುಣ್ಣದಲ್ಲಿ ಬರೆದ ನಂಬರು ಅಲ್ಲಿ ಕಾಣುತ್ತಿತ್ತು. ಬೀಗದಣ್ಣ ಹತ್ತಿರ ಹೋಗಿ ನೋಡಿದ, ದೂರ ನಿಂತು ನೋಡಿದ. ಇನ್ನೂರ ಹನ್ನೆರಡೇ.

"ಯಾರೋ ನಂಬರ್ ಬದಲಾಯಿಸಿಬಿಟ್ಟಿದ್ದಾರೆ ಅಕ್ಕ," ಎಂದ ಮೆಲ್ಲಗೆ, ಅವಳ ಮೇಲೆ ಅಪವಾದ ಬರಬಾರದೆಂದು.

"ಪ್ರತಿ ವಾರ ಬದಲಾಗುತ್ತೆ ಅಣ್ಣ. ಅದೇ ಅಲ್ವಾ ಆಟ? ಸಾವಿರವೂ ಡಬ್ಬಿಗೆ ಹಾಕ್ತಾರೆ, ಒಂದು ತೆಗೀತಾರೆ. ಮುಂದಿನ ವಾರ ಪುನಃ ಸಾವಿರವೂ."

"ತೆಗೆದಿದ್ದನ್ನೂ ವಾಪಸ್ ಹಾಕ್ತಾರಾ?"

"ಹಾಕ್ದೆ ಮತ್ತೆ?"

"ನಾನು ಅಲ್ಲ ಅಂತ ಬಿಟ್ಟಿದ್ದು?"

"ಅವೂ ಒಳಗೇ ಇರ್ತವೆ. ಅವಕ್ಕೇನು ಗೊತ್ತು, ನೀವು ಬಿಟ್ರಿ ಅಂತ?"

ಬೀಗದಣ್ಣ ಬೆಂಚಿನ ಮೇಲೆ ಕುಳಿತ. ಅಲ್ಲವೆಂದು ಸಾಬೀತಾದ ನಂಬರುಗಳೆಲ್ಲ, ಅವನು ಒಂದೊಂದಾಗಿ ಕೊಂದು ಮಲಗಿಸಿದವು, ಒಟ್ಟಿಗೆ ಎದ್ದು ಕೂತು ಅವನನ್ನೇ ನೋಡುತ್ತಿದ್ದಂತೆ ಅನ್ನಿಸಿತು. ಹಾಗಾದರೆ ಮುಂದಿನ ಒಂಬೈನೂರ ಅರವತ್ತೈದಕ್ಕೆ ಏನು ವಿಶೇಷ? ಏನೂ ಇಲ್ಲವೇ? ಮೊದಲ ವಾರ ಎಷ್ಟು ಭರವಸೆಯೋ ಈ ವಾರವೂ ಅಷ್ಟೇ ಭರವಸೆಯೇ? ಅವನಿಗೆ ಅರ್ಥವಾಯಿತು, ಮರುಗಳಿಗೆ ಅರ್ಥವಾಗಲಿಲ್ಲ, ಪುನಃ ಅರ್ಥವಾದಂತಾಗಿ ಜಾರಿತು.

"ಒಂದೇ ವಾರ ಸಾವಿರವೂ ನಾನೇ ತಗೊಂಡ್ರೆ?" ಎಂದು ಕೇಳಿದ. "ಆಗ ಎಲ್ಲಿಗೆ ಹೋಗುತ್ತೆ ಅದು?"

"ಎಲ್ಲಿಗೂ ಹೋಗಲ್ಲ, ನಿಮಗೇ ಬರುತ್ತೆ. ಸಾವಿರ ಟಿಕೆಟಿನ ದುಡ್ಡು ಕೊಟ್ಟು ಐನೂರು ಟಿಕೆಟಿನ ದುಡ್ಡು ಮನೆಗೆ ಒಯ್ತೀರಿ. ಬಹುಮಾನ ಇರೋದೇ ಅಷ್ಟು."

ಇದು ಇನ್ನೊಂದು ಏಟು. ಗೆಲ್ಲುವುದು ಖಂಡಿತ, ಹಾಗೆ ಗೆದ್ದರೆ ಮುಳುಗುವುದೂ ಖಂಡಿತ. ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. ಐದೈದಾಗಿ ಕೊಂಡರೂ ಈ ನಾಲ್ಕು ವರ್ಷದಲ್ಲಿ ಸಾವಿರದ ಹತ್ತಿರ ಹತ್ತಿರ ಕೊಂಡಾಗಿದೆ. ಅಂದರೆ ಬಹುಮಾನದ ಎರಡರಷ್ಟು ದುಡ್ಡು ಈ ಗೂಡಂಗಡಿಯೊಳಗೆ ಹೋಗಿದೆ. ಹೆಂಡತಿಗೆ ಎರಡು ಪಾಲು ಬರುತ್ತಿತ್ತು.

"ಇಷ್ಟು ದಿನ ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?"

"ಸಾಲಾಗಿ ಕೇಳ್ತಿದ್ರಲ್ಲ, ನೆನಪಿಟ್ಕೊಳ್ಳೋಕೆ ಸುಲಭ ಅಂತ ಇರ್ಬೇಕು ಅಂದ್ಕೊಂಡೆ. ಇಲ್ಲಿಗೆ ಬರೋರದು ಒಬ್ಬೊಬ್ಬರದು ಒಂದೊಂದು ಹುಚ್ಚು, ಯಾರಿಗೆ ಅಂತ ಹೇಳ್ಲಿ?" ಎಂದಳು ಅವಳು. ಪಾಪ, ಅವಳ ಮುಖವೂ ಬಾಡಿತ್ತು. "ಈ ವಾರದ್ದು ಕೊಡ್ಲಾ?"

ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು. ಆದರೆ ಯಾವ ನಂಬರು ಹೇಳುವುದು? ನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ಗೊತ್ತಾಗಲಿಲ್ಲ. ಸುಮ್ಮನೆ ಎದ್ದು ಹೊರಟ.

ಮನೆಗೆ ಬರುವಷ್ಟರಲ್ಲಿ ತಂಗಿ ಬಂದು ಹೋಗಿ ಆಗಿತ್ತು. ಹೆಂಡತಿಯ ಮುಖದಲ್ಲಿ ಕೋಪವೂ ಹೆಮ್ಮೆಯೂ ಇತ್ತು. "ನೋಡ್ರೀ, ಇನ್ನು ಕಾಯೋಕಾಗಲ್ಲ ಅಂತ ಪಕ್ಕದ ಅಂಗಡಿಯವಳಿಗೆ ಪಾಲು ಕೊಡ್ತಾಳಂತೆ. ನನಗೆ ಹೇಳ್ತಾಳೆ, ಪಾಲು ಇಲ್ದಿದ್ರೆ ಏನಂತೆ, ದಿನಗೂಲಿಗೆ ಬಾ ಅಕ್ಕ ಅಂತ. ಬೆನ್ನ ಮೇಲೆ ಹೊತ್ತು ಬೆಳೆಸಿದವಳು ನಾನು. ಬರಲ್ಲ ಅಂದೆ. ಇನ್ನು ಏಳೇ ವಾರ, ನಾವೇ ಒಂದು ಅಂಗಡಿ ಹಾಕ್ತೀವಿ ಅಂದೆ. ಸರಿ ತಾನೆ?"

ಸರಿ ಎಂದುಬಿಡಬಹುದಿತ್ತು. ಏಳು ವಾರದ ಮಟ್ಟಿಗಾದರೂ ಮನೆ ನೆಮ್ಮದಿಯಾಗಿರುತ್ತಿತ್ತು. ಬೀಗದಣ್ಣನಿಗೆ ಆಸೆಯೂ ಆಯಿತು. ಆದರೆ ಅವಳ ಕಣ್ಣು ನೋಡಿ ಬಾಯಿಂದ ಬೇರೆಯೇ ಮಾತು ಬಂತು.

"ಅದು ಬೀಗ ಅಲ್ಲ ಕಣೆ," ಎಂದ. ಡಬ್ಬಿಯ ಕತೆ, ಬ್ರೆಡ್ ಅಂಗಡಿಯವನ ಕತೆ, ಸಾವಿರ ಕೊಂಡರೆ ಅರ್ಧ ಬರುವ ಕತೆ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. ಅರ್ಧಕ್ಕೆ ಅವನಿಗೇ ಗೊಂದಲವಾಗಿ ಮೊದಲಿಂದ ಶುರು ಮಾಡಿದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು.

ಅವಳು ಪ್ಯಾಂಟು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು. "ಹಾಗಾದ್ರೆ ಈಗ ಎಲ್ಲೀವರೆಗೆ ಬಂದಿದ್ದೀವಿ?"

"ಎಲ್ಲಿಗೂ ಬಂದಿಲ್ಲ. ಶುರು ಮಾಡಿದ ದಿನ ಎಲ್ಲಿದ್ದೆವೋ ಅಲ್ಲೇ ಇದ್ದೀವಿ."

"ಅಷ್ಟೊಂದು ನಂಬರು ಮುಗಿಸಿದ್ದು?"

"ಮುಗಿದಿಲ್ಲ. ಎಲ್ಲ ಇನ್ನೂ ಒಳಗೇ ಇವೆ."

ಅವಳು ಮಡಿಲಲ್ಲಿದ್ದ ಪ್ಯಾಂಟು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಫೋನು ತೆಗೆದುಕೊಂಡಳು, ಅವನಿಗೆ ಬೆನ್ನು ಮಾಡಿ ನಿಂತಳು.

"ನಾನೇ ಕಣೆ. ಕೂಲಿಗೆ ಬಾ ಅಂದ್ಯಲ್ಲ, ಬರ್ತೀನಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ಲಿ?" ಆ ಕಡೆಯಿಂದ ತಂಗಿ ಏನೋ ಕೇಳಿದಳು. ಹೆಂಡತಿ ಒಮ್ಮೆ ತಿರುಗಿ ಗಂಡನನ್ನು ನೋಡಿದಳು. "ಲಾಟರಿಯಾ? ಅದು ನಡೀತಾ ಇದೆ. ಇನ್ನು ಏಳು ವಾರ. ಅಲ್ಲೀವರೆಗೆ ಮನೇಲಿ ಕೂತು ಏನ್ ಮಾಡ್ಲಿ, ಅದಕ್ಕೆ ಬರ್ತೀನಿ ಅಂದೆ."

ತಂಗಿಯ ಮುಂದೆ ಅವನ ಮಾನ ಉಳಿಸಲು ಹಾಗೆ ಹೇಳಿದಳೋ, ಇಲ್ಲ ಅವನು ಹೇಳಿದ್ದು ಅವಳಿಗೆ ಇನ್ನೂ ಅರ್ಥವೇ ಆಗಿಲ್ಲವೋ, ಬೀಗದಣ್ಣನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.