ಇದ್ದೀಯಾ ಎಂದು ಕೇಳುವ ಸಾಲು

ಆಫೀಸಿನಲ್ಲಿ ಅವನಿಗೆ ‘ಇದ್ದೀಯಪ್ಪ’ ಎಂದೇ ಹೆಸರು. ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಪ್ರೋಗ್ರಾಮು ಬರೆಯುವುದು ಅವನ ಕಸುಬು. ಹೆಂಡತಿ ಓದಿದ್ದು ನಾಲ್ಕನೇ ಕ್ಲಾಸು. ಅವಳಿಗೂ ತಿಳಿಯುವ ಹಾಗೆ ಒಮ್ಮೆ ಹೇಳಿದ್ದ.

“ಪ್ರತಿ ಸಲ ಹೊಸದಾಗಿ ಫೋನ್ ಮಾಡಿದ್ರೆ ಹೊತ್ತು ಹಿಡಿಯುತ್ತೆ. ಅದಕ್ಕೆ ಮಾತು ಮುಗಿದ್ರೂ ಲೈನ್ ಕಟ್ ಮಾಡಲ್ಲ, ಇಟ್ಕೊಂಡಿರ್ತೀವಿ. ಸುಮ್ನೆ ಬಿದ್ದಿದ್ರೆ ಆ ಕಡೆಯವನು ಹೇಳದೆ ಕೇಳದೆ ಫೋನ್ ಇಟ್ಟುಬಿಟ್ಟಿರ್ತಾನೆ. ನಾವು ಗೋಡೆಗೆ ಮಾತಾಡ್ತಿರ್ತೀವಿ.”

“ಗೋಡೆ ಜತೆ ಮಾತಾಡೋದು ನಂಗೆ ಹೇಳ್ಕೊಡ್ತೀರಾ? ಇಷ್ಟು ವರ್ಷ ಮಾಡಿದ್ದು ಮತ್ತೇನು?” ಎಂದಳು.

ಅರ್ಧ ನಿಮಿಷ ಸುಮ್ಮನಿದ್ದ ಲೈನನ್ನು ಅವನ ಪ್ರೋಗ್ರಾಮು ತಾನೇ ಮುಚ್ಚುತ್ತಿತ್ತು. ಅಷ್ಟರೊಳಗೆ ಅದೇ ಲೈನು ಬೇಕಾದರೆ ಮೊದಲು ‘ಇದ್ದೀಯಾ?’ ಎಂದು ಕೇಳುತ್ತಿತ್ತು. ಹೆಸರು ಬಂದದ್ದೂ ಅದರಿಂದಲೇ. ಪ್ರೋಗ್ರಾಮಿನ ಆ ಒಂದು ಸಾಲೆಂದರೆ ಅವನಿಗೆ ಜೀವ. ಹೊಸದಾಗಿ ಬಂದ ಸಾಹೇಬರಿಗೆ ಅದೇ ಕಣ್ಣುರಿ. ಲಿಫ್ಟಿನ ಗುಂಡಿಯನ್ನು ನಾಲ್ಕು ಸಲ ಒತ್ತುವ ಮನುಷ್ಯ.

“ಕೇಳ್ತಾ ಕೂತ್ರೆ ಕೆಲಸ ಯಾವಾಗ ರೀ? ತೆಗೀರಿ ಅದನ್ನ.”

“ಆ ಕಡೆಯವರು ಹೋಗಿದ್ರೆ ಸಾರ್?”

“ಹೋಗೋರು ಹೇಳಿ ಹೋಗ್ತಾರೆ.”

ತೆಗೆದ. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತು ಆ ಮಾತನ್ನು ಹೆಂಡತಿಗೆ ಸಾಹೇಬರ ದನಿಯಲ್ಲೇ ಆಡಿ ತೋರಿಸಿದ. ಇಬ್ಬರೂ ನಕ್ಕರು. ಅವನ ತಟ್ಟೆ ಮಾತ್ರ ಖಾಲಿಯಾಗಲಿಲ್ಲ.

ಮನೆಯಲ್ಲೂ ಅವನು ಹೆಚ್ಚು ಬಾಯಿ ಬಿಚ್ಚುವವನಲ್ಲ. ಅವಳು ಪಾತ್ರೆ ತಿಕ್ಕುತ್ತಾ “ಇದ್ದೀರಾ?” ಎನ್ನುವಳು. ಹಜಾರದಿಂದ “ಹ್ಞೂಂ” ಬರುವುದು. ಒಂದು ಭಾನುವಾರ ಬೆಳಗ್ಗೆ ಬರಲಿಲ್ಲ. ಸಿಟ್ಟಿರಬೇಕು ಎಂದುಕೊಂಡು ಉಳಿದ ಎರಡು ಪಾತ್ರೆಯನ್ನೂ ತಿಕ್ಕಿಟ್ಟೇ ಹೋದಳು. ಕುರ್ಚಿಯಲ್ಲೇ ಮುಗಿದುಹೋಗಿದ್ದ.

ಹದಿನಾರು ದಿನ ಕಳೆದ ಮೇಲೆ ಅವನ ಫೋನು ಹೊಡೆದುಕೊಂಡಿತು. ಸಾಹೇಬರು. ಸಾವಿನ ಸುದ್ದಿ ಆಫೀಸಿಗೆ ಮೊದಲ ದಿನವೇ ಹೋಗಿತ್ತು, ಅವರು ಓದಿರಲಿಲ್ಲ. ಅವಳು ಹಲೋ ಎನ್ನುವ ಮೊದಲೇ ಶುರು ಮಾಡಿದರು.

“ರೀ, ಮೂರು ದಿನದಿಂದ ಕಳಿಸಿದ್ದೆಲ್ಲ ಸತ್ತ ಲೈನಿಗೆ ಹೋಗ್ತಿದೆ! ಆ ಸಾಲು ತೆಗೆದಿದ್ದು ನೀವು, ನೀವೇ ವಾಪಸ್ ಹಾಕ್ಬೇಕು. ತಪ್ಪು ನಿಮ್ಮದೇ ಅಂತ ಮೇಲಿನವರಿಗೂ ಬರೆದಿದ್ದೀನಿ.”

ಪೂರ್ತಿ ಆಡಲು ಬಿಟ್ಟಳು. ಈ ಸಲ ಗೋಡೆ ಅವಳೇ.

“ತೆಗ್ಸಿದ್ದು ನೀವು. ಹೋಗೋರು ಹೇಳಿ ಹೋಗ್ತಾರೆ ಅಂದಿದ್ರಂತಲ್ಲ ಸಾಹೇಬ್ರೆ? ಇವರು ಹೇಳಲಿಲ್ಲ. ಹೋಗಿ ಹದಿನಾರು ದಿನ ಆಯ್ತು. ಮೇಲಿನವರಿಗೆ ಅದನ್ನೂ ಬರೀರಿ.”

ಆ ಕಡೆ ಸದ್ದಿಲ್ಲ. ಅವಳು ಗಡಿಯಾರ ನೋಡುತ್ತಾ ಅರ್ಧ ನಿಮಿಷ ಕಾದಳು.

“ಇದ್ದೀರಾ?”

ಒಂದೇ ಸಲ ಕೇಳಿದಳು. ಇಟ್ಟುಬಿಟ್ಟಳು.